ಮಾರ್ಗಿಲಾನಿನ ಯೋದ್ಗೋರ್ಲಿಕ್ ರೇಷ್ಮೆ ಕಾರ್ಖಾನೆ: ಗುರುವಾರ ಹೋಗಿ, ಹಾಸಿನ ಬಳಿ ನಿಂತು ನೋಡಿ

ಉಜ್ಬೇಕಿಸ್ತಾನಕ್ಕೆ ಹೊರಡುವ ನಮ್ಮವರ ಪಟ್ಟಿಯಲ್ಲಿ ತಾಷ್ಕೆಂಟ್, ಸಮರಕಂದ್, ಬುಖಾರಾ ಇರುತ್ತವೆ. ಸಮಯ ಮಿಕ್ಕರೆ ಖಿವಾ. ಮಾರ್ಗಿಲಾನ್ ಇರುವುದಿಲ್ಲ. ಅಲ್ಲಿ ನೀಲಿ ಗುಮ್ಮಟಗಳ ಸಾಲಿಲ್ಲ, ತೈಮೂರನ ಸಮಾಧಿಯಿಲ್ಲ, ಪ್ರವಾಸ ಏಜೆನ್ಸಿಗಳು ಅದರ ಹೆಸರನ್ನೇ ಎತ್ತುವುದಿಲ್ಲ. ಆದರೆ ಸೀರೆಯ ಅಂಗಡಿಯಲ್ಲಿ ಬಟ್ಟೆಯ ಅಂಚನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡುವ ಅಭ್ಯಾಸ ನಿಮಗಿದ್ದರೆ, ಇಡೀ ದೇಶದಲ್ಲಿ ನೀವು ಮೊದಲು ನೋಡಬೇಕಾದ ಊರು ಇದೇ. ಅಲ್ಲಿನ ಯೋದ್ಗೋರ್ಲಿಕ್ ರೇಷ್ಮೆ ಕಾರ್ಖಾನೆ ಮತ್ತು ಅದರ ಮಳಿಗೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿದ್ದೇನೆ. ಅಲ್ಲಿಗೆ ತಲುಪುವುದು ಹೇಗೆ, ಯಾವ ವಾರ ಹೋಗಬೇಕು, ಏನು ಕೊಳ್ಳಬೇಕು ಎಂಬುದೂ ಜೊತೆಗಿದೆ.

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಣಿಕೆದಾರರ ಮನೆಯವಳು. ಅಪ್ಪನ ಕಾಲದಲ್ಲಿ ನೂಲು ಬಿಚ್ಚುವ ಚರಕ ಇತ್ತು, ಈಗ ತಮ್ಮ ಅದಕ್ಕಿಂತ ಹೊಸ ಬಗೆಯ ಬೇಸಿನ್ ಘಟಕ ನಡೆಸುತ್ತಾನೆ. ಬೇಯುವ ಗೂಡಿನ ವಾಸನೆಗೆ ಮೂಗು ಮುಚ್ಚಿಕೊಳ್ಳದೆ ಬೆಳೆದವಳಾದ್ದರಿಂದ, ರೇಷ್ಮೆ ಕಾರ್ಖಾನೆ ಎಂದರೆ ನಾನು ನೋಡುವುದೇ ಬೇರೆ. ಗೋಡೆಯ ಚಿತ್ರಗಳನ್ನಲ್ಲ, ನೀರಿನ ಬಣ್ಣವನ್ನು, ಎಳೆ ಎಷ್ಟು ಸಲ ತುಂಡಾಗುತ್ತದೆ ಎಂಬುದನ್ನು, ಕೆಲಸ ಮಾಡುವವರ ಬೆರಳನ್ನು ನೋಡುತ್ತೇನೆ. ಆ ಕಣ್ಣಿನಿಂದಲೇ ಹೇಳುತ್ತೇನೆ: ಯೋದ್ಗೋರ್ಲಿಕ್ ನೋಡಲೇಬೇಕಾದ ಜಾಗ. ಅದರಲ್ಲೂ ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಕಟ್ಟು ಹಾಕಿ ಬಣ್ಣ ಕೊಡುವ ವಿಭಾಗವನ್ನು ನೋಡಿದ ಮೇಲೆ ಬಟ್ಟೆಗೆ ಬೆಲೆ ಕಟ್ಟುವ ನಿಮ್ಮ ರೀತಿಯೇ ಬದಲಾಗುತ್ತದೆ.

ಮೊದಲು ಪ್ರಯಾಣದ ವಿಚಾರ. ಬೆಂಗಳೂರಿನವರು ದೆಹಲಿಯ ಮೂಲಕ ಹೋಗುವುದು ಸುಲಭ. ದೆಹಲಿಯಿಂದ ತಾಷ್ಕೆಂಟಿಗೆ ನೇರ ವಿಮಾನದಲ್ಲಿ ಸುಮಾರು ಮೂರು ಗಂಟೆ. ಭಾರತೀಯರಿಗೆ ವೀಸಾ ಬೇಕು, ಆದರೆ ಅದನ್ನು ಆನ್‌ಲೈನ್‌ನಲ್ಲೇ ಪಡೆಯಬಹುದು. ಒಂದು ಸಲದ ಪ್ರವೇಶಕ್ಕೆ ಶುಲ್ಕ 20 ಡಾಲರ್. ಕೊನೆಯ ವಾರಕ್ಕೆ ಬಿಡದೆ ಮೊದಲೇ ಅರ್ಜಿ ಹಾಕಿ. ಉಳಿದುಕೊಳ್ಳುವ ಹೋಟೆಲಿನವರು ನಿಮ್ಮ ಹೆಸರನ್ನು ನೋಂದಣಿ ಮಾಡಿಸುತ್ತಾರೆ. ಆ ಚೀಟಿ ಕೊಟ್ಟರೆ ಎಸೆಯದೆ ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ.

ತಾಷ್ಕೆಂಟಿನಿಂದ ಮಾರ್ಗಿಲಾನಿಗೆ ರೈಲಿನಲ್ಲೇ ಹೋಗಬೇಕು ಎನ್ನುವುದು ನನ್ನ ಗಟ್ಟಿ ಮಾತು. ಆಂದಿಜಾನ್ ಕಡೆಗೆ ಹೋಗುವ ರೈಲುಗಳು ಕೋಕಂದ್ ದಾಟಿ ಮಾರ್ಗಿಲಾನಿನಲ್ಲಿ ನಿಲ್ಲುತ್ತವೆ. ಹೆಚ್ಚು ಕಡಿಮೆ ಐದು ಗಂಟೆಯ ದಾರಿ. ಮಾರ್ಗಿಲಾನ್ ಇರುವ ಫರ್ಗಾನಾ ಕಣಿವೆಯನ್ನು ದೇಶದ ಉಳಿದ ಭಾಗದಿಂದ ಬೇರ್ಪಡಿಸುವುದು ಬೆಟ್ಟಸಾಲು. 2016ರವರೆಗೆ ಇಲ್ಲಿನ ರೈಲು ಪಕ್ಕದ ತಜಿಕಿಸ್ತಾನದ ನೆಲವನ್ನು ಸುತ್ತಿಕೊಂಡು ಹೋಗಬೇಕಿತ್ತು. ಆ ವರ್ಷ ಅಂಗ್ರೆನ್–ಪಾಪ್ ಮಾರ್ಗ ತೆರೆದ ಮೇಲೆ 19 ಕಿಲೋಮೀಟರಿಗೂ ಉದ್ದದ ಕಾಮ್ಚಿಕ್ ಸುರಂಗದ ಮೂಲಕ ರೈಲು ನೇರವಾಗಿ ಕಣಿವೆಗೆ ಇಳಿಯುತ್ತದೆ. ಸುರಂಗ ಮುಗಿದು ಬೆಳಕು ಬಂದಾಗ ಕಿಟಕಿಯ ಪಕ್ಕ ಕೂತಿರಿ. ಕೆಳಗೆ ಬಂದಂತೆ ಹತ್ತಿ ಹೊಲಗಳ ಅಂಚಿನಲ್ಲಿ, ಕಾಲುವೆಗಳ ಪಕ್ಕದಲ್ಲಿ ಹಿಪ್ಪುನೇರಳೆ ಮರಗಳ ಸಾಲು ಶುರುವಾಗುತ್ತದೆ. ಟಿಕೆಟ್ ಕೊಳ್ಳಲು ಪಾಸ್‌ಪೋರ್ಟ್ ಸಂಖ್ಯೆ ಬೇಕು, ನಿಲ್ದಾಣದ ಬಾಗಿಲಲ್ಲೂ ಪಾಸ್‌ಪೋರ್ಟ್ ತೋರಿಸಬೇಕು. ತಾಷ್ಕೆಂಟಿನಲ್ಲಿ ಉತ್ತರ, ದಕ್ಷಿಣ ಎಂದು ಎರಡು ನಿಲ್ದಾಣಗಳಿವೆ. ಟಿಕೆಟಿನ ಮೇಲೆ ಯಾವುದು ಇದೆ ಎಂದು ನೋಡಿಕೊಂಡು ಹೊರಡಿ. ರಸ್ತೆಯಲ್ಲಿ ಶೇರ್ ಟ್ಯಾಕ್ಸಿಗಳೂ ಹೋಗುತ್ತವೆ. ಬರುವಾಗ ನಾನು ಅದರಲ್ಲಿ ಬಂದೆ. ಚಾಲಕ ಒಪ್ಪಿದ್ದ ದರಕ್ಕಿಂತ ಹೆಚ್ಚು ಕೇಳಿ ನಡುದಾರಿಯಲ್ಲಿ ಗಾಡಿ ನಿಲ್ಲಿಸಿದ. ಬೆಟ್ಟದ ತಿರುವುಗಳಲ್ಲಿ ಅವನು ಓಡಿಸಿದ ವೇಗವನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆ ಬಗೆಯ ಪ್ರಯಾಣವನ್ನು ಯಾರಿಗೂ ಹೇಳಲಾರೆ.

ಇನ್ನು ತಿಂಗಳು. ಬಹುತೇಕರು ಏಪ್ರಿಲ್ ಅಥವಾ ಸೆಪ್ಟೆಂಬರ್ ಎನ್ನುತ್ತಾರೆ, ಹವೆ ಹಿತವಾಗಿರುತ್ತದೆ ಎಂಬ ಕಾರಣಕ್ಕೆ. ನಾನು ಮೇ ಎನ್ನುತ್ತೇನೆ. ನಮ್ಮಲ್ಲಿ ವರ್ಷವಿಡೀ ಬೆಳೆಯ ಮೇಲೆ ಬೆಳೆ ಹುಳು ಸಾಕುತ್ತೇವೆ. ಅಲ್ಲಿನ ಚಳಿಗೆ ಅದು ಆಗದು. ವಸಂತದಲ್ಲಿ ಹಿಪ್ಪುನೇರಳೆ ಚಿಗುರಿದಾಗ ಮುಖ್ಯ ಬೆಳೆ, ಅದೂ ಹೆಚ್ಚಾಗಿ ಹಳ್ಳಿಯ ಮನೆಗಳಲ್ಲೇ. ಮನೆಯವರು ಕೋಣೆ ಖಾಲಿ ಮಾಡಿ ಹುಳುವಿಗೆ ಬಿಟ್ಟುಕೊಡುತ್ತಾರೆ, ಸುಮಾರು ಒಂದು ತಿಂಗಳು ಮನೆಯ ದಿನಚರಿಯೆಲ್ಲ ಹುಳುವಿನ ಹಸಿವಿಗೆ ತಕ್ಕಂತೆ ನಡೆಯುತ್ತದೆ. ನಾವು ಗಿಡವನ್ನು ಸವರಿ ಸವರಿ ಪೊದೆಯಾಗಿಯೇ ಇಡುತ್ತೇವೆ. ಅಲ್ಲಿ ಅದು ದಪ್ಪ ಬೊಡ್ಡೆಯ ಮರ, ಕೊಂಬೆ ಸಮೇತ ಕಡಿದು ಗಾಡಿಯ ಮೇಲೆ ಹೇರಿಕೊಂಡು ಬರುತ್ತಾರೆ. ಕಡಿಯದೆ ಬಿಟ್ಟ ಮರಗಳ ಕೆಳಗೆ ಬಿಳಿ ಹಣ್ಣು ಹಾಸಿರುತ್ತದೆ. ಹಿಪ್ಪುನೇರಳೆಯ ನಡುವೆಯೇ ಹುಟ್ಟಿದ ನಾನು ಅಷ್ಟೊಂದು ಹಣ್ಣನ್ನು ಒಟ್ಟಿಗೆ ಕಂಡದ್ದು, ಹೊಟ್ಟೆ ತುಂಬ ತಿಂದದ್ದು ಅಲ್ಲಿಯೇ.

ವಾರದ ದಿನ ಇನ್ನೂ ಮುಖ್ಯ. ಊರ ಹೊರಗಿನ ಕುಮ್ತೆಪಾ ಸಂತೆ ಸೇರುವುದು ಗುರುವಾರ ಮತ್ತು ಭಾನುವಾರ. ಭಾನುವಾರ ಕಾರ್ಖಾನೆಗೆ ಕೆಲಸದ ದಿನವಲ್ಲ. ಹಾಗಾಗಿ ಗುರುವಾರ ಒಂದೇ ದಿನ ಎರಡನ್ನೂ ನೋಡಬಹುದು: ಬೆಳಿಗ್ಗೆ ಕಾರ್ಖಾನೆ, ಆಮೇಲೆ ಸಂತೆ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಕಾರ್ಖಾನೆಯಲ್ಲಿ ಕಣ್ಣು ಪಳಗಿದ ಮೇಲೆ ಸಂತೆಗೆ ಹೋದರೆ ಯಾವುದು ರೇಷ್ಮೆ, ಯಾವುದು ಅಲ್ಲ ಎಂದು ನಿಮಗೇ ತಿಳಿಯುತ್ತದೆ.

ಕಾರ್ಖಾನೆ ಊರೊಳಗೇ ಇದೆ. ಪ್ರವಾಸಿಗರನ್ನು ಒಬ್ಬರು ಕರೆದುಕೊಂಡು ಹೋಗಿ ಗೂಡಿನಿಂದ ಹಿಡಿದು ಬಟ್ಟೆಯವರೆಗೆ ತೋರಿಸುತ್ತಾರೆ. ಮೊದಲು ಸಿಗುವುದು ಗೂಡು ಬೇಯಿಸಿ ನೂಲು ಬಿಚ್ಚುವ ಜಾಗ. ಕುದಿಯುವ ನೀರಿನ ಬಾಣಲೆಯಲ್ಲಿ ಬಿಳಿ ಗೂಡು, ಕಡ್ಡಿಯಿಂದ ಕಲಕಿ ಎಳೆಯ ತುದಿ ಹಿಡಿಯುವ ಹೆಂಗಸು, ಪಕ್ಕದಲ್ಲಿ ದೊಡ್ಡ ಚಕ್ರ. ಉಳಿದ ಪ್ರವಾಸಿಗರು ಚಿತ್ರ ತೆಗೆದು ಮುಂದೆ ಹೋದರು, ನಾನು ಅಲ್ಲೇ ನಿಂತೆ. ತಮ್ಮನಿಗೆ ವಿಡಿಯೊ ಕರೆ ಮಾಡಿದೆ. ಅವನು, "ಅಕ್ಕ, ಫೋನನ್ನು ನೀರಿನ ಹತ್ತಿರ ಹಿಡಿ. ಒಂದು ನೂಲಿಗೆ ಎಷ್ಟು ಗೂಡಿನ ಎಳೆ ಸೇರಿಸುತ್ತಾರೆ, ಕೇಳು" ಎಂದ. ನನಗೆ ಉಜ್ಬೆಕ್ ಬಾರದು, ಅವರಿಗೆ ಕನ್ನಡ ಬಾರದು. ನಾನು ಗೂಡು ತೋರಿಸಿ ಬೆರಳು ಎಣಿಸಿದೆ. ಆಕೆ ಎರಡೂ ಕೈಗಳ ಬೆರಳನ್ನು ಎರಡು ಸಲ ಬಿಡಿಸಿ ತೋರಿಸಿದರು. "ಅಷ್ಟು ದಪ್ಪವಾ! ನಮ್ಮ ಹಳೆಯ ಚರಕದ ನೂಲಿನ ಹಾಗೆ" ಎಂದ ತಮ್ಮ. ಆಕೆಗೆ ನನ್ನ ಕೈ ತೋರಿಸಿ, ಚಕ್ರ ತಿರುಗಿಸುವ ಅಭಿನಯ ಮಾಡಿದೆ. ಅರ್ಥವಾಯಿತು. ತಾವು ಎದ್ದು ನನ್ನನ್ನು ಚಕ್ರದ ಮುಂದೆ ಕೂರಿಸಿದರು. ಬಿಸಿನೀರಿನಲ್ಲಿ ನೆನೆದು ಬಿಳಿಚಿಕೊಂಡ ಅವರ ಬೆರಳ ತುದಿಗಳು ನನ್ನ ಅಮ್ಮನ ಬೆರಳುಗಳೇ ಆಗಿದ್ದವು. ಈ ಮಾತನ್ನು ಸುಮ್ಮನೆ ಭಾವುಕಳಾಗಿ ಹೇಳುತ್ತಿಲ್ಲ. ಚೀನಾ ಮತ್ತು ಭಾರತ ಬಿಟ್ಟರೆ ಜಗತ್ತಿನಲ್ಲಿ ಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ದೇಶಗಳಲ್ಲಿ ಉಜ್ಬೇಕಿಸ್ತಾನ ಮುಂದಿದೆ. ಬಿಸಿನೀರಿನೊಳಗಿನ ಈ ಕೆಲಸವನ್ನು ಅಲ್ಲೂ ಇಲ್ಲೂ ಹೆಚ್ಚಾಗಿ ಮಾಡುವವರು ಹೆಣ್ಣುಮಕ್ಕಳು. ಪ್ರವಾಸಿಗರಿಗೆ ತೋರಿಸಲು ಇಟ್ಟ ಒಂದು ಬಾಣಲೆಯ ಹಿಂದೆ ಅಷ್ಟೂ ಕೈಗಳಿವೆ ಎಂಬುದು ನೋಡುವವರ ಮನಸ್ಸಿನಲ್ಲಿರಲಿ.

ಹುಳು ಸಾಕುವವರ ಪಾಡು ಅಲ್ಲಿ ನಮ್ಮದಕ್ಕಿಂತ ಬೇರೆ. ಸೋವಿಯತ್ ಕಾಲದಿಂದ ಬಂದ ಪದ್ಧತಿಯಲ್ಲಿ ಎಷ್ಟು ಗೂಡು ಕೊಡಬೇಕು ಎಂಬ ಗುರಿಯನ್ನು ಸರ್ಕಾರ ನಿಗದಿ ಮಾಡುತ್ತಿತ್ತು, ಬೆಲೆಯನ್ನೂ ಅದೇ ಕಟ್ಟುತ್ತಿತ್ತು. ನಮ್ಮ ಶಿಡ್ಲಘಟ್ಟದ, ರಾಮನಗರದ ಗೂಡಿನ ಮಾರುಕಟ್ಟೆಗಳ ಬಗ್ಗೆ ನಮಗೆ ದೂರುಗಳು ಬೇಕಾದಷ್ಟಿವೆ. ಆದರೂ ರೈತ ತನ್ನ ಗೂಡನ್ನು ಎಲ್ಲರೆದುರು ಹರಾಜಿಗಿಟ್ಟು, ಬೆಲೆ ಒಪ್ಪದಿದ್ದರೆ ಬೇಡ ಎನ್ನುವ ಅವಕಾಶ ಇಲ್ಲಿದೆಯಲ್ಲ, ಅದು ಎಷ್ಟು ದೊಡ್ಡದು ಎಂದು ನನಗೆ ಅರಿವಾದದ್ದು ಮಾರ್ಗಿಲಾನಿನಲ್ಲಿ.

ಈಗ ನಾನು ಮೊದಲೇ ಹೇಳಿದ ವಿಭಾಗ. ನಮ್ಮ ಮೈಸೂರು ರೇಷ್ಮೆ ಸೀರೆಯನ್ನು ನೇಯ್ದ ಮೇಲೆ ಬಣ್ಣಕ್ಕೆ ಅದ್ದುತ್ತಾರೆ. ಇಲ್ಲಿ ಕ್ರಮವೇ ಉಲ್ಟಾ: ನೇಯುವ ಮೊದಲೇ ಹಾಸಿನ ನೂಲಿನ ಮೇಲೆ ಇಡೀ ಚಿತ್ತಾರ ಮೂಡಿರಬೇಕು. ಹಾಸನ್ನು ಚೌಕಟ್ಟಿನ ಮೇಲೆ ಬಿಗಿದು, ಚಿತ್ತಾರ ಬಲ್ಲವರು ಕಡ್ಡಿ ಹಿಡಿದು ನೂಲಿನ ಮೇಲೆಯೇ ಗೆರೆ ಎಳೆಯುತ್ತಾರೆ. ಅಳತೆಪಟ್ಟಿ ಇಲ್ಲ, ಕಾಗದದ ನಮೂನೆಯೂ ಎದುರಿಗಿರಲಿಲ್ಲ. ಬಾದಾಮಿ, ದಾಳಿಂಬೆ, ಬಾಚಣಿಗೆ, ಟಗರಿನ ಕೊಂಬು, ಚೇಳು: ಇವೆಲ್ಲ ತಲೆತಲಾಂತರದಿಂದ ಬಂದ ಆಕಾರಗಳು. ಬಣ್ಣ ತಾಗಬಾರದ ಕಡೆಯೆಲ್ಲ ಬಿಗಿಯಾಗಿ ಕಟ್ಟುತ್ತಾರೆ. ಒಂದು ಬಣ್ಣಕ್ಕೆ ಅದ್ದಿ, ಒಣಗಿಸಿ, ಕೆಲವು ಕಟ್ಟು ಬಿಚ್ಚಿ, ಬೇರೆ ಕಡೆ ಕಟ್ಟಿ, ಮತ್ತೆ ಅದ್ದುತ್ತಾರೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕಟ್ಟು ಸಡಿಲವಾದರೆ ಬಣ್ಣ ಒಳಗೆ ನುಗ್ಗುತ್ತದೆ, ಆ ಹಾಸು ಹಾಳು. ದಾಳಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆಯಿಂದ ಹಳದಿ, ಮಂಜಿಷ್ಠದ ಬೇರಿನಿಂದ ಕೆಂಪು, ನೀಲಿ ಗಿಡದಿಂದ ನೀಲಿ, ಅಕ್ರೋಟಿನ ಸಿಪ್ಪೆಯಿಂದ ಕಂದು. ರಾಸಾಯನಿಕ ಬಣ್ಣವೂ ಬಳಕೆಯಲ್ಲಿದೆ. ನಿಮಗೆ ಬೇಕಾದ ಬಟ್ಟೆ ಯಾವುದರಿಂದ ಆದದ್ದು ಎಂದು ಕೇಳಿ ಕೊಳ್ಳಿ.

ಕಟ್ಟೆಲ್ಲ ಬಿಚ್ಚಿ ಹಾಸನ್ನು ಮಗ್ಗಕ್ಕೆ ಏರಿಸುವಾಗ ನೂಲು ಕೂದಲೆಳೆಯಷ್ಟು ಜರುಗಿಯೇ ಜರುಗುತ್ತದೆ. ಅದರಿಂದಲೇ ಚಿತ್ತಾರದ ಅಂಚು ಮಸುಕಾಗಿ, ನೀರಿನಲ್ಲಿ ಕಂಡ ನೆರಳಿನಂತೆ ಅಲುಗಾಡುತ್ತದೆ. ಮಸುಕು ಉದ್ದಕ್ಕೆ ಮಾತ್ರ ಇರುತ್ತದೆ, ಅಡ್ಡಕ್ಕೆ ಇರುವುದಿಲ್ಲ. ಏಕೆಂದರೆ ಬಣ್ಣ ಇರುವುದು ಹಾಸಿನಲ್ಲಿ, ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲಿನಲ್ಲಲ್ಲ. ಗುಜರಾತಿನ ಪಾಟಣದ ಪಟೋಲದಲ್ಲಿ ಹಾಸು ಹೊಕ್ಕು ಎರಡಕ್ಕೂ ಕಟ್ಟು ಹಾಕುತ್ತಾರೆ, ಅದರ ಗೆರೆ ಇನ್ನೂ ಖಚಿತ. ನನಗೆ ಮಾರ್ಗಿಲಾನಿನ ಈ ಅಲುಗಾಟವೇ ಹೆಚ್ಚು ಇಷ್ಟವಾಯಿತು. ಇಷ್ಟು ದೊಡ್ಡ ಚಿತ್ತಾರವನ್ನು ಇಷ್ಟು ಧೈರ್ಯದ ಬಣ್ಣಗಳಲ್ಲಿ, ಹಳದಿಯ ಪಕ್ಕ ನೇರಳೆ, ಅದರ ಪಕ್ಕ ಹಸಿರು ಇಟ್ಟು, ಎಲ್ಲೂ ಕಣ್ಣಿಗೆ ಚುಚ್ಚದಂತೆ ಮಾಡುವುದು ಆ ಮಸುಕಿನಿಂದಲೇ ಸಾಧ್ಯ.

ಕೈಮಗ್ಗದ ಕೋಣೆಯಲ್ಲಿ ಎರಡು ಬಗೆಯ ಬಟ್ಟೆ ಗಮನಿಸಿ. ಖಾನ್ ಅತ್ಲಾಸ್ ಪೂರ್ತಿ ರೇಷ್ಮೆ; ಕಾಲಡಿಯಲ್ಲಿ ಎಂಟು ತುಳಿಮಣೆ, ನುಣುಪಾದ ಮೈ, ಒಂದು ಬದಿ ಹೊಳಪು, ಇನ್ನೊಂದು ಬದಿ ಮಂಕು. ಅದ್ರಾಸ್‌ನಲ್ಲಿ ಹಾಸು ರೇಷ್ಮೆ, ಹೊಕ್ಕು ಹತ್ತಿ. ಸಾದಾ ನೇಯ್ಗೆ, ಎರಡೂ ಬದಿ ಒಂದೇ, ಮೈಮೇಲೆ ಸಣ್ಣ ಏಣು. ಇವೆರಡರ ನೇಯ್ಗೆ ವಿದ್ಯೆಯನ್ನು ಉಳಿಸಲು ಮಾರ್ಗಿಲಾನಿನ ಕರಕುಶಲ ಕೇಂದ್ರ ಮಾಡಿದ ಕೆಲಸವನ್ನು ಯುನೆಸ್ಕೊ 2017ರಲ್ಲಿ ಉತ್ತಮ ಸಂರಕ್ಷಣಾ ಮಾದರಿಗಳ ಪಟ್ಟಿಗೆ ಸೇರಿಸಿದೆ. ಮುಂದಿನ ಯಂತ್ರಮಗ್ಗದ ಕೋಣೆಯನ್ನು ನಾನು ಬೇಗ ದಾಟಿದೆ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದವರಿಗೆ ಆ ಸದ್ದು ಹೊಸದಲ್ಲ.

ಮಳಿಗೆ ಕಾರ್ಖಾನೆಯ ಆವರಣದಲ್ಲೇ ಇದೆ. ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಶಾಲು, ಹೊಲಿದ ಉಡುಪು ಕೂಡ ಉಂಟು. ಬಟ್ಟೆಯ ಒಂದೊಂದು ತಾನನ್ನೂ (ಇಡೀ ಸುರುಳಿಯನ್ನು) ಬಿಡಿಸಿ ತೋರಿಸುತ್ತಾರೆ, ಎಷ್ಟು ಹೊತ್ತು ಮುಟ್ಟಿ ನೋಡಿದರೂ ಅವಸರ ಮಾಡಲಿಲ್ಲ. ನನ್ನ ಸಲಹೆ ಅದ್ರಾಸ್. ಖಾನ್ ಅತ್ಲಾಸಿಗಿಂತ ಅಗ್ಗ, ನಮ್ಮ ಸೆಕೆಗೆ ಹಿತ, ಹತ್ತಿಯ ಹೊಕ್ಕು ಇರುವುದರಿಂದ ಮೈಗೆ ಅಂಟುವುದಿಲ್ಲ, ಕುಪ್ಪಸಕ್ಕೂ ಕುರ್ತಾಕ್ಕೂ ಆಕಾರ ಕೊಡುತ್ತದೆ. ಆದರೆ ಕೈಮಗ್ಗದ ಬಟ್ಟೆಯ ಪನ್ನ, ಅಂದರೆ ಅಗಲ, ಕಿರಿದು, ಅರ್ಧ ಮೀಟರಿನ ಆಸುಪಾಸು. ನಾವು ಊರಿನಲ್ಲಿ ಲೆಕ್ಕ ಹಾಕುವ ಹಾಗೆ ಎರಡೂವರೆ ಮೀಟರ್ ಕುರ್ತಾಕ್ಕೆ ಸಾಕು ಎಂದುಕೊಂಡರೆ ದರ್ಜಿ ಕೈಚೆಲ್ಲುತ್ತಾರೆ. ಕುರ್ತಾಕ್ಕೆ ಕನಿಷ್ಠ ಐದು ಮೀಟರ್, ಕುಪ್ಪಸಕ್ಕೆ ಎರಡು ಮೀಟರ್ ತೆಗೆದುಕೊಳ್ಳಿ. ಒಂದೇ ತಾನಿನಿಂದ ಕತ್ತರಿಸಿಕೊಳ್ಳಿ. ಅದೇ ಚಿತ್ತಾರದ ಇನ್ನೊಂದು ತಾನಿನಲ್ಲಿ ಬಣ್ಣ ಬೇರೆಯೇ ಇರುತ್ತದೆ. ಬಖ್ಮಲ್ ಎಂಬ ರೇಷ್ಮೆಯ ಮಖಮಲ್ಲನ್ನೂ ಕೇಳಿ ನೋಡಿ. ಅದರ ಬೆಲೆ ಕೇಳಿ ನಾನು ಕೊಳ್ಳಲಿಲ್ಲ, ಆದರೆ ಅದು ಹೆಚ್ಚು ಎನ್ನುವ ಮನಸ್ಸೂ ನನಗಾಗಲಿಲ್ಲ.

ಸಂತೆಯಲ್ಲಿ ಚೌಕಾಸಿ ನಡೆಯುತ್ತದೆ, ಬಣ್ಣದ ಬಟ್ಟೆಯ ಸಾಲುಗಳು ಕಣ್ಣು ತುಂಬುತ್ತವೆ. ಆದರೆ ಕೃತಕ ನೂಲಿನ ಬಟ್ಟೆಯ ಮೇಲೆ ಇದೇ ಚಿತ್ತಾರ ಅಚ್ಚು ಹಾಕಿದ್ದು ರಾಶಿ ರಾಶಿ ಬಿದ್ದಿರುತ್ತದೆ. ಒಬ್ಬ ವ್ಯಾಪಾರಿ ಅಂಥದ್ದನ್ನೇ ಅಪ್ಪಟ ರೇಷ್ಮೆ ಎಂದು ಆಣೆ ಮಾಡಿ ಹೇಳಿದ. ಹಿಂಬದಿ ತಿರುಗಿಸಿ ನೋಡಿದೆ, ಬಣ್ಣ ಪೇಲವವಾಗಿತ್ತು. ಹಾಸಿನ ನೂಲಿಗೆ ಬಣ್ಣ ಕಟ್ಟಿದ ಬಟ್ಟೆಯಲ್ಲಿ ಚಿತ್ತಾರ ಎರಡೂ ಬದಿ ಕಾಣುತ್ತದೆ (ಖಾನ್ ಅತ್ಲಾಸಿನ ಹಿಂಬದಿಯಲ್ಲಿ ಮಾತ್ರ ಮಂಕಾಗಿ), ಅಚ್ಚಿನದರಲ್ಲಿ ಮೇಲಷ್ಟೇ. ಅನುಮಾನ ಉಳಿದರೆ ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಲು ಅನುಮತಿ ಕೇಳಿ: ರೇಷ್ಮೆ ಸುಟ್ಟ ಕೂದಲಿನ ವಾಸನೆ ಬೀರಿ ಬೆರಳಲ್ಲಿ ಪುಡಿಯಾಗುತ್ತದೆ, ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಕೇಳಿದ ಕೂಡಲೇ ವ್ಯಾಪಾರಿ ಬಟ್ಟೆ ಮಡಚಿಟ್ಟರೆ ಉತ್ತರ ಸಿಕ್ಕಂತೆಯೇ. ಕೈಯಲ್ಲಿ ಅಲ್ಲಿನ ಹಣವಾದ ಸೋಮ್ ಚಿಲ್ಲರೆ ಇರಲಿ, ಸಂತೆಯಲ್ಲಿ ಕಾರ್ಡ್ ನಂಬಿ ಹೋಗಬೇಡಿ. ಒಂದು ರೂಪಾಯಿಗೆ ನೂರಕ್ಕೂ ಹೆಚ್ಚು ಸೋಮ್ ಆಗುವುದರಿಂದ ಬೆಲೆಗಳೆಲ್ಲ ಲಕ್ಷದ ಲೆಕ್ಕದಲ್ಲಿ ಕೇಳಿಸುತ್ತವೆ. ಕೊನೆಯ ಎರಡು ಸೊನ್ನೆ ಬಿಟ್ಟು ಯೋಚಿಸಿದರೆ ಅಂದಾಜು ಸಿಗುತ್ತದೆ, ನಿಜವಾದ ಬೆಲೆ ಅದಕ್ಕಿಂತಲೂ ಕಡಿಮೆ.

ಉಳಿದುಕೊಳ್ಳಲು ಮಾರ್ಗಿಲಾನಿನಲ್ಲಿ ಅತಿಥಿಗೃಹಗಳಿವೆ, ಹೆಚ್ಚು ಆಯ್ಕೆ ಬೇಕೆಂದರೆ ಪಕ್ಕದ ಫರ್ಗಾನಾ ನಗರ. 1876ರಲ್ಲಿ ರಷ್ಯನ್ನರು ಹೊಸ ಮಾರ್ಗಿಲಾನ್ ಎಂದು ಕಟ್ಟಿದ ಊರು ಅದು, ನೆರಳಿನ ರಸ್ತೆಗಳು ಚೆನ್ನಾಗಿವೆ. ಊಟಕ್ಕೆ ಕಣಿವೆಯ ಹೆಮ್ಮೆ ದೇವ್‌ಜೀರಾ ಎಂಬ ಕೆಂಪು ಛಾಯೆಯ ಅಕ್ಕಿಯ ಪಲಾವ್, ಮಧ್ಯಾಹ್ನವೇ ಮುಗಿದುಹೋಗುತ್ತದೆ, ಮಾಂಸ ಇದ್ದೇ ಇರುತ್ತದೆ. ಮಾಂಸ ತಿನ್ನದವರಿಗೆ ತಂದೂರಿನ ದುಂಡು ರೊಟ್ಟಿ, ಟೊಮೆಟೊ–ಈರುಳ್ಳಿಯ ಸಲಾಡ್, ಮೊಸರು, ಹಣ್ಣು, ಹಾಲಿಲ್ಲದ ಹಸಿರು ಚಹಾ ಎಲ್ಲ ಕಡೆ ಸಿಗುತ್ತದೆ. ಚಟ್ನಿಪುಡಿ ಒಯ್ದರೆ ಒಳ್ಳೆಯದು. ಇನ್ನೊಂದು ದಿನ ಸಿಕ್ಕರೆ ರಿಷ್ತಾನಿನ ನೀಲಿ ಮೆರುಗಿನ ಮಣ್ಣಿನ ಪಾತ್ರೆಗಳನ್ನೂ ಕೋಕಂದಿನ ಖಾನನ ಅರಮನೆಯನ್ನೂ ನೋಡಿ ಬರಬಹುದು.

ತಂದ ಬಟ್ಟೆಯನ್ನು ದರ್ಜಿಗೆ ಕೊಡುವ ಮೊದಲು ಒಮ್ಮೆ ತಣ್ಣೀರಿನಲ್ಲಿ ಬೇರೆಯಾಗಿ ಅದ್ದಿ ತೆಗೆಯಿರಿ. ಹತ್ತಿಯ ಹೊಕ್ಕು ಇರುವುದರಿಂದ ಅದ್ರಾಸ್ ತುಸು ಕುಗ್ಗುತ್ತದೆ, ಕೆಂಪು ಬಣ್ಣ ಮೊದಲ ನೀರಿಗೆ ಸ್ವಲ್ಪ ಬಿಡುತ್ತದೆ. ಹಿಂಡಬೇಡಿ, ನೆರಳಲ್ಲಿ ಹರವಿ ಒಣಗಿಸಿ, ಅರೆ ಒದ್ದೆ ಇರುವಾಗಲೇ ಹಿಂಬದಿಯಿಂದ ಇಸ್ತ್ರಿ ಮಾಡಿ. ಬಿಸಿಲಿಗೆ ಹಾಕಿದರೆ ಹಳದಿ ಬಣ್ಣ ಮೊದಲು ಹೋಗುತ್ತದೆ.